ಬಿಳಿ ಹಾದಿಯ ಮೇಲೆ ಇನ್ನೂರೊಂಬತ್ತು ಕಿಲೋಮೀಟರ್

ಹಳ್ಳಿಯ ರಸ್ತೆಗೆ ಡಾಂಬರು ಹಾಕಿಸಿ ಎಂದು ಕೇಳುವ ಜನ ಎಲ್ಲ ದೇಶಗಳಲ್ಲೂ ಉಂಟು. ಹಾಕಬೇಡಿ, ಇದು ಜಲ್ಲಿಯ ರಸ್ತೆಯಾಗಿಯೇ ಉಳಿಯಲಿ ಎಂದು ಕೇಳುವವರು ಎಲ್ಲಿಯಾದರೂ ಸಿಕ್ಕಾರೇ? ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಸಿಕ್ಕರು. ತಮ್ಮ ಮಾತನ್ನು ಲೋಕಕ್ಕೆ ಮನವರಿಕೆ ಮಾಡಿಕೊಡಲು ಅವರು ಹೂಡಿದ ಉಪಾಯ ಸರಳವಾದದ್ದು. ತಾತಂದಿರ ಕಾಲದ ಸೈಕಲ್ ಪಂದ್ಯಗಳನ್ನು ನೆನಪಿಸುವಂತೆ ಆ ರಸ್ತೆಗಳ ಮೇಲೆ ಒಂದು ದಿನವಿಡೀ ಸವಾರಿ ಹೊರಡುವುದು.

ಅದು 1997ನೇ ಇಸವಿ. ಊರು, ಸಿಯೆನಾ ಜಿಲ್ಲೆಯ ಗಯೋಲೆ ಇನ್ ಕಿಯಾಂತಿ. ಜಾಂಕಾರ್ಲೊ ಬ್ರೊಚ್ಚಿ ಎಂಬವರ ಮುಂದಾಳುತನದಲ್ಲಿ ಆ ವರ್ಷ ಹೊರಟವರು 92 ಮಂದಿ. ಸವಾರಿಗೆ ಇಟ್ಟ ಹೆಸರು 'ಲೆರೋಯಿಕಾ', ಅಂದರೆ ವೀರರಿಗೆ ತಕ್ಕದ್ದು. ವರ್ಷಗಳು ಕಳೆದಂತೆ ಆ 92 ಸಾವಿರಾರು ಆಯಿತು. ಅಕ್ಟೋಬರ್ ತಿಂಗಳ ಆರಂಭದಲ್ಲಿ ಲೋಕದ ನಾನಾ ಮೂಲೆಗಳಿಂದ ಜನ ಈ ಪುಟ್ಟ ಊರಿಗೆ ಬಂದು ಸೇರುತ್ತಾರೆ. ಬೇರೆ ಬೇರೆ ಉದ್ದದ ಮಾರ್ಗಗಳಿವೆ. ಅವುಗಳಲ್ಲಿ ಅತಿ ಉದ್ದದ್ದು 209 ಕಿಲೋಮೀಟರ್. ಅದರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬಿಳಿ ಜಲ್ಲಿಯ ರಸ್ತೆ. ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರ್‌ಗೂ ಮಿಕ್ಕುತ್ತದೆ.

ಇದು ಪಂದ್ಯವಲ್ಲ. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. ಸವಾರನ ಕೈಯಲ್ಲಿ ಒಂದು ಪುಟ್ಟ ಚೀಟಿಪುಸ್ತಕವಿರುತ್ತದೆ. ದಾರಿಯ ಠಾಣೆಗಳಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತ ಹೋಗಬೇಕು. ಎಲ್ಲ ಮುದ್ರೆಗಳೂ ಬಿದ್ದರೆ ಸವಾರಿ ಪೂರ್ತಿಯಾದಂತೆ. ಸೈಕಲ್ ಮಾತ್ರ ಹಳೆಯದೇ ಆಗಿರಬೇಕು. ಸ್ಥೂಲವಾಗಿ ಹೇಳುವುದಾದರೆ 1987ಕ್ಕೆ ಮೊದಲಿನದು. ಗೇರ್ ಬದಲಿಸುವ ಸನ್ನೆ ಕೈಹಿಡಿಯ ಬಳಿ ಇರದೆ, ಕೆಳಗಿನ ಓರೆ ಕೊಳವೆಯ ಮೇಲೆ ಇರಬೇಕು. ಬ್ರೇಕಿನ ತಂತಿ ಹ್ಯಾಂಡಲ್‌ನ ಹೊರಗೆ ಕಾಣುವಂತಿರಬೇಕು. ಪೆಡಲ್‌ಗೆ ಪಾದವನ್ನು ಬಿಗಿಯುವ ಹಳೆಯ ಕಾಲದ ಪಂಜರ ಮತ್ತು ಪಟ್ಟಿ ಇರಬೇಕು.

ಐದು ಗಂಟೆಯ ಕತ್ತಲು

ದೀರ್ಘ ಮಾರ್ಗದ ಸವಾರರು ಬೆಳಗಿನ ಜಾವ ಐದರ ಸುಮಾರಿಗೆ ಹೊರಡುತ್ತಾರೆ. ಆ ಕಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಎಂದರೆ ಎರಡು ಗಂಟೆ ಕಾಲ ದೀಪದ ಬೆಳಕೇ ಗತಿ. ಇಷ್ಟು ಬೇಗ ಹೊರಡುವುದೇಕೆ? ಲೆಕ್ಕ ಸುಲಭ. ಗಂಟೆಗೆ ಸರಾಸರಿ 15 ಕಿಲೋಮೀಟರ್ ಸಾಗಿದರೂ 209 ಕಿಲೋಮೀಟರ್ ಮುಗಿಯಲು ಸುಮಾರು 14 ಗಂಟೆ ಬೇಕು. ಊಟ, ವಿಶ್ರಾಂತಿ, ಪಂಕ್ಚರು ಇವಕ್ಕೆ ತಗಲುವ ಸಮಯ ಬೇರೆ. ತಡವಾಗಿ ಹೊರಟವನಿಗೆ ಸಂಜೆ ಮತ್ತೆ ಕತ್ತಲೆಯೇ ಎದುರಾಗುತ್ತದೆ.

ಬೇಗ ಏಳುವುದಕ್ಕೂ ಕಿಯಾಂತಿ ಸೀಮೆಗೂ ಹಳೆಯ ನಂಟುಂಟು. ನಡುಗಾಲದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳು ಈ ಬೆಟ್ಟಗಳಿಗಾಗಿ ಕಾದಾಡುತ್ತಿದ್ದವು. ಜಗಳ ತೀರಿಸಲು ಎರಡೂ ಕಡೆಯವರು ಒಂದು ಒಪ್ಪಂದಕ್ಕೆ ಬಂದರಂತೆ. ಕೋಳಿ ಕೂಗಿದೊಡನೆ ಎರಡೂ ನಗರಗಳಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಇಬ್ಬರೂ ಎಲ್ಲಿ ಎದುರಾಗುತ್ತಾರೋ ಅಲ್ಲೇ ಗಡಿ. ಸಿಯೆನಾದವರು ಬಿಳಿಯ ಹುಂಜವೊಂದನ್ನು ಚೆನ್ನಾಗಿ ಮೇಯಿಸಿ ಬೆಳೆಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಹಸಿವಿನಲ್ಲಿ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು, ಹೊಟ್ಟೆ ತುಂಬಿದ ಹುಂಜ ಮಲಗೇ ಇತ್ತು. ಸಿಯೆನಾದ ಸವಾರ ತನ್ನ ಊರಿನಿಂದ ಕೆಲವೇ ಮೈಲಿ ಬರುವಷ್ಟರಲ್ಲಿ ಫ್ಲಾರೆನ್ಸಿನ ಸವಾರ ಎದುರಾದ. ಕಿಯಾಂತಿ ಸೀಮೆಯ ಬಹುಭಾಗ ಫ್ಲಾರೆನ್ಸಿನ ಪಾಲಾಯಿತು. ಇದು ದಂತಕತೆ, ಚರಿತ್ರೆಯಲ್ಲ. ಆದರೆ ಆ ಕಪ್ಪು ಹುಂಜದ ಚಿತ್ರ ಇಂದಿಗೂ ಕಿಯಾಂತಿ ಕ್ಲಾಸಿಕೊ ದ್ರಾಕ್ಷಾರಸದ ಸೀಸೆಗಳ ಮೇಲಿದೆ.

ಗಯೋಲೆ ಬಿಟ್ಟ ಸವಾರರಿಗೆ ಮೊದಲು ಎದುರಾಗುವ ಏರು ಬ್ರೋಲಿಯೊ ಕೋಟೆಯದು. ಕತ್ತಲಲ್ಲಿ ಈ ಹಾದಿಯ ಇಕ್ಕೆಲಗಳಲ್ಲೂ ಹಣತೆಯಂಥ ದೀಪಗಳನ್ನು ಹಚ್ಚಿಟ್ಟಿರುತ್ತಾರೆ. ಕೋಟೆ 1141ರಿಂದಲೂ ರಿಕಾಸೊಲಿ ಮನೆತನದ್ದು. ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆತ್ತಿನೊ ರಿಕಾಸೊಲಿ ಈ ಮನೆತನದವರೇ. ದೀಪಗಳ ಸಾಲಿನ ನಡುವೆ ಮಾತಿಲ್ಲದೆ ಏರುವ ಸವಾರರಿಗೆ ಕೇಳುವುದು ಸರಪಣಿಯ ಸದ್ದು, ಚಕ್ರದಡಿ ಜಲ್ಲಿ ಸರಿಯುವ ಸದ್ದು, ತಮ್ಮದೇ ಏದುಸಿರು.

ಗೋಡೆಯ ಮೇಲಿನ ರಸ್ತೆ

ಬೆಳಕು ಹರಿಯುವ ಹೊತ್ತಿಗೆ ಸವಾರಿ ದಕ್ಷಿಣಕ್ಕೆ ಇಳಿದು ಸಿಯೆನಾ ನಗರದ ಸಮೀಪಕ್ಕೆ ಬಂದಿರುತ್ತದೆ. ಆ ನಗರದ ಪುರಭವನದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ 1338-39ರಲ್ಲಿ ಬರೆದ ಚಿತ್ರಗಳಿವೆ. ಒಳ್ಳೆಯ ಆಡಳಿತವಿದ್ದರೆ ನಾಡು ಹೇಗಿರುತ್ತದೆ, ಕೆಟ್ಟ ಆಡಳಿತವಿದ್ದರೆ ಹೇಗಿರುತ್ತದೆ ಎಂಬುದೇ ವಸ್ತು. ಒಳ್ಳೆಯ ಆಡಳಿತದ ಚಿತ್ರದಲ್ಲಿ ನಗರದ ಬಾಗಿಲಿನಿಂದ ಒಂದು ರಸ್ತೆ ಹೊರಟು ಬೆಟ್ಟಗಳ ನಡುವೆ ಇಳಿದು ಹೋಗುತ್ತದೆ. ಹೇರು ಹೊತ್ತ ಪ್ರಾಣಿಗಳು, ಹಂದಿ ಹೊಡೆದುಕೊಂಡು ಪೇಟೆಗೆ ಬರುವ ರೈತ, ಬೇಟೆಗೆ ಹೊರಟ ಸಿರಿವಂತರು, ಅತ್ತಿತ್ತ ಹೊಲಗಳಲ್ಲಿ ಕೆಲಸ ಮಾಡುವ ಜನ, ಎಲ್ಲರೂ ಅಲ್ಲಿದ್ದಾರೆ. ಕೆಟ್ಟ ಆಡಳಿತದ ಚಿತ್ರದಲ್ಲಿ ಹೊಲಗಳು ಪಾಳು ಬಿದ್ದಿವೆ.

ಆ ಕಾಲದ ನಗರಸಭೆಯ ಸದಸ್ಯರು ಸೇರುತ್ತಿದ್ದ ಕೋಣೆಯಲ್ಲೇ ಈ ಚಿತ್ರಗಳಿವೆ ಎಂಬುದು ಗಮನಿಸತಕ್ಕ ವಿಷಯ. ರಾಜ್ಯಭಾರ ಹೇಗಿದೆ ಎಂದು ತಿಳಿಯಬೇಕಾದರೆ ಅರಮನೆಯನ್ನು ನೋಡಬೇಡಿ, ರಸ್ತೆಯ ಮೇಲೆ ಬಡವನೂ ಅಂಜದೆ ನಡೆಯುತ್ತಾನೆಯೇ ನೋಡಿ ಎಂದು ಕಲಾವಿದ ಆಳುವವರಿಗೆ ಹೇಳಿದಂತಿದೆ. ಸುಮಾರು ಏಳು ಶತಮಾನಗಳ ಬಳಿಕವೂ ಆ ಬೆಟ್ಟಗಳ ಏರಿಳಿತ, ಆ ಹೊಲಗಳ ಬಣ್ಣ, ಬಳುಕುವ ಆ ಬಿಳಿಯ ಹಾದಿ ಚಿತ್ರದಲ್ಲಿದ್ದಂತೆಯೇ ಕಾಣಸಿಗುತ್ತವೆ.

ಹಲ್ಲುಗಳ ಲೆಕ್ಕ

ಮಧ್ಯಾಹ್ನದ ಹೊತ್ತಿಗೆ ಮೊಂತಾಲ್ಚಿನೊ ಊರಿನ ದೊಡ್ಡ ಏರು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಈ ಊರಿನ ಕಡೆಗೆ ಜಲ್ಲಿಯ ರಸ್ತೆ ಕಾಡು, ದ್ರಾಕ್ಷಿ ತೋಟಗಳ ನಡುವೆ ಏರುತ್ತದೆ. ಹಳೆಯ ಸೈಕಲ್ಲಿನ ನಿಜವಾದ ಪರೀಕ್ಷೆ ಇಲ್ಲೇ.

ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು. ಹಳೆಯ ರೇಸಿಂಗ್ ಸೈಕಲ್ಲಿನ ಮುಂದಿನ ಚಿಕ್ಕ ಹಲ್ಲುಗಾಲಿಗೆ 42 ಹಲ್ಲುಗಳು, ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗೆ 26 ಹಲ್ಲುಗಳು ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 42 ಭಾಗಿಸು 26, ಎಂದರೆ ಸುಮಾರು 1.6 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಆದ್ದರಿಂದ ಒಂದು ತುಳಿತದ ಸುತ್ತಿಗೆ ಸೈಕಲ್ 3.4 ಮೀಟರ್ ಮುಂದೆ ಹೋಗಲೇಬೇಕು. ನೂರು ಮೀಟರ್‌ಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ಸವಾರ ಪ್ರತಿ ಸುತ್ತಿಗೂ ತನ್ನನ್ನೂ ಸೈಕಲ್ಲನ್ನೂ 34 ಸೆಂಟಿಮೀಟರ್ ಮೇಲಕ್ಕೆ ಎತ್ತಿದಂತಾಯಿತು. ಇಂದಿನ ಸೈಕಲ್ಲುಗಳಲ್ಲಿ ಮುಂದೆ 34, ಹಿಂದೆಯೂ 34 ಹಲ್ಲುಗಳ ಜೋಡಿ ಸಿಗುತ್ತದೆ. ಅದರಲ್ಲಿ ಅದೇ ಏರಿಗೆ ಸುತ್ತೊಂದಕ್ಕೆ 21 ಸೆಂಟಿಮೀಟರ್ ಎತ್ತಿದರೆ ಸಾಕು. ಹಳೆಯ ಸೈಕಲ್ಲಿನವರು ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಇದೇ ಕಾರಣಕ್ಕೆ. ಲೆರೋಯಿಕಾದಲ್ಲಿ ಹಾಗೆ ತಳ್ಳಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ.

ಹಳೆಯ ಸೈಕಲ್ಲುಗಳ ಮಾತು ಬಂದಾಗ ತುಲ್ಲಿಯೊ ಕಂಪನ್ಯೋಲೊ ಹೆಸರು ಬಿಡುವಂತಿಲ್ಲ. 1927ರಲ್ಲಿ ಉತ್ತರ ಇಟಲಿಯ ಕ್ರೋಚೆ ದಾವುನೆ ಎಂಬ ಕಣಿವೆದಾರಿಯಲ್ಲಿ ಪಂದ್ಯ ನಡೆಯುತ್ತಿತ್ತಂತೆ. ಆಗ ಗೇರ್ ಬದಲಿಸಲು ಹಿಂದಿನ ಚಕ್ರವನ್ನೇ ಕಳಚಿ ತಿರುಗಿಸಿ ಹಾಕಬೇಕಿತ್ತು. ಹಿಮದ ಚಳಿಗೆ ಬೆರಳುಗಳು ಮರಗಟ್ಟಿ ಚಕ್ರದ ತಿರುಪು ಸಡಿಲಿಸಲಾಗದೆ ಕಂಪನ್ಯೋಲೊ ಪಂದ್ಯ ಕಳೆದುಕೊಂಡರು, ಒಂದೇ ಸನ್ನೆಯಿಂದ ಚಕ್ರ ಬಿಡಿಸುವ ಉಪಾಯ ಅಂದೇ ಅವರಿಗೆ ಹೊಳೆಯಿತು ಎಂಬ ಕತೆ ಪ್ರಸಿದ್ಧ. ಕತೆಯಲ್ಲಿ ಬಣ್ಣ ಎಷ್ಟಿದೆಯೋ, 1933ರಲ್ಲಿ ವಿಚೆಂಜಾ ನಗರದಲ್ಲಿ ಅವರು ಆರಂಭಿಸಿದ ಕಾರ್ಖಾನೆ ಮಾತ್ರ ನಿಜ. ಗಯೋಲೆಯಿಂದ ಹೊರಡುವ ಹಳೆಯ ಸೈಕಲ್ಲುಗಳಲ್ಲಿ ಆ ಕಾರ್ಖಾನೆಯ ಬಿಡಿಭಾಗಗಳು ಧಾರಾಳವಾಗಿ ಕಾಣುತ್ತವೆ.

ಮರುಕುದಿಸಿದ ಸಾರು

ಏರಿಗೆ ಬಲ ಬರುವುದು ಎಲ್ಲಿಂದ? ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕ, ದಿನದ ಏರು ಒಟ್ಟು 3,500 ಮೀಟರ್ ಎಂದರೆ, ಅಷ್ಟನ್ನು ಎತ್ತುವ ಕೆಲಸಕ್ಕೆ ಸುಮಾರು 650 ಕಿಲೋಕ್ಯಾಲರಿ ಶಕ್ತಿ ಬೇಕು. ಆದರೆ ಮನುಷ್ಯನ ಸ್ನಾಯು ತಿಂದ ಆಹಾರದ ಸರಿಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತದೆ. ಮಿಕ್ಕಿದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಏರಿಗೆ ಮಾತ್ರವೇ 2,600 ಕಿಲೋಕ್ಯಾಲರಿ ಖರ್ಚು. ದೇಹದಲ್ಲಿ ಸಕ್ಕರೆಯ ರೂಪದಲ್ಲಿರುವ ದಾಸ್ತಾನು ಸುಮಾರು 400ರಿಂದ 500 ಗ್ರಾಂ, ಅದರಿಂದ ಸಿಗುವುದು ಹೆಚ್ಚೆಂದರೆ 2,000 ಕಿಲೋಕ್ಯಾಲರಿ. ಕೊಬ್ಬಿನ ದಾಸ್ತಾನು ದೊಡ್ಡದಾದರೂ ಅದು ನಿಧಾನವಾಗಿ ಕರಗುವ ಸಂಪತ್ತು. ತಿನ್ನದೆ ತುಳಿದ ಸವಾರನಿಗೆ ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬುದು ದೂರ ಸವಾರಿಯ ಮೊದಲ ಪಾಠ.

ಲೆರೋಯಿಕಾದ ಠಾಣೆಗಳಲ್ಲಿ ಸಿಗುವುದು ಹಳ್ಳಿಯ ಊಟ. ಉಪ್ಪಿಲ್ಲದ ಟಸ್ಕನಿಯ ರೊಟ್ಟಿಗೆ ಆಲಿವ್ ಎಣ್ಣೆ, ಕುರಿಹಾಲಿನ ಗಿಣ್ಣು, ಜೊತೆಗೆ 'ರಿಬೊಲ್ಲಿತಾ' ಎಂಬ ಗಟ್ಟಿ ಸಾರು. ಹುರುಳಿಕಾಯಿ ಜಾತಿಯ ಬಿಳಿಯ ಕಾಳು, ಕಪ್ಪು ಎಲೆಕೋಸು, ತಂಗಳು ರೊಟ್ಟಿ ಸೇರಿಸಿ ಮಾಡುವ ಅಡುಗೆ ಇದು. ಹೆಸರಿನ ಅರ್ಥವೇ ಮರುಕುದಿಸಿದ್ದು. ನಿನ್ನೆ ಮಿಕ್ಕಿದ್ದನ್ನು ಇಂದು ಮತ್ತೆ ಕುದಿಸಿ ಉಣ್ಣುತ್ತಿದ್ದ ಬಡ ಒಕ್ಕಲಿನ ಮನೆಯ ಊಟ.

ಹಾದಿ ಹಾಕಿದವರು ಯಾರು?

ಮಧ್ಯಾಹ್ನದ ನಂತರ ಸವಾರಿ ಅಶ್ಶಾನೊ ಊರಿನ ಕಡೆ ತಿರುಗಿ 'ಕ್ರೇತೆ ಸೆನೇಸಿ' ಎಂಬ ಪ್ರದೇಶವನ್ನು ಸೇರುತ್ತದೆ. ಕ್ರೇತೆ ಎಂದರೆ ಜೇಡಿಮಣ್ಣು. ಸುಮಾರು 25ರಿಂದ 45 ಲಕ್ಷ ವರ್ಷಗಳ ಹಿಂದೆ ಇದು ಸಮುದ್ರದ ತಳವಾಗಿತ್ತು. ಈ ಮಣ್ಣಿನಲ್ಲಿ ಇಂದಿಗೂ ಕಪ್ಪೆಚಿಪ್ಪುಗಳು ದೊರೆಯುವುದುಂಟು. ಅಕ್ಟೋಬರ್‌ನಲ್ಲಿ ಉತ್ತ ಹೊಲಗಳು ಬೂದುಬಣ್ಣದ ಅಲೆಗಳಂತೆ ಕಾಣುತ್ತವೆ. ಮರಗಳು ವಿರಳ. ದಿಬ್ಬದ ನೆತ್ತಿಯ ಮೇಲೆ ಒಂದೊಂದೇ ಮನೆ, ಮನೆಯ ಪಕ್ಕ ನಾಲ್ಕಾರು ಸೈಪ್ರೆಸ್ ಮರ, ಮನೆಯಿಂದ ಮನೆಗೆ ಹೋಗುವ ಬಿಳಿಯ ಹಾದಿ. ಕ್ಯಾಲೆಂಡರುಗಳಲ್ಲಿ ಕಾಣುವ ಟಸ್ಕನಿ ಇದೇ.

ಆ ಒಂಟಿ ಮನೆಗಳೂ ಆ ಹಾದಿಗಳೂ ಅಲಂಕಾರಕ್ಕೆಂದು ಹುಟ್ಟಿದವಲ್ಲ. ನೂರಾರು ವರ್ಷ ಇಲ್ಲಿ ನಡೆದದ್ದು 'ಮೆಜ್ಜಾದ್ರಿಯಾ' ಎಂಬ ಬೇಸಾಯ ಪದ್ಧತಿ. ಕನ್ನಡ ನಾಡಿನ ಹಿರಿಯರಿಗೆ ಪರಿಚಿತವಾದ ಕೋರು ಪದ್ಧತಿಯಂತೆಯೇ ಇದು ಕೂಡ. ಭೂಮಿ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ. ಒಂದೊಂದು ಹಿಡುವಳಿಗೆ ಒಂದೊಂದು ಮನೆ, ಅದರಲ್ಲಿ ಒಂದೊಂದು ದೊಡ್ಡ ಕುಟುಂಬ. ಎತ್ತಿನ ಗಾಡಿ ಹೋಗಲು, ಒಡೆಯನ ಪಾಲು ಸಾಗಿಸಲು, ಗಿರಣಿಗೆ, ಇಗರ್ಜಿಗೆ, ಸಂತೆಗೆ ಹೋಗಲು ಈ ಹಾದಿಗಳು ಬೇಕಾದವು.

ಎರಡನೆಯ ಮಹಾಯುದ್ಧದ ಬಳಿಕ ಒಕ್ಕಲುಗಳು ಹೊಲ ತೊರೆದು ಕಾರ್ಖಾನೆಗಳ ಕಡೆ ನಡೆದವು. 1964ರ ಕಾನೂನು ಹೊಸದಾಗಿ ಮೆಜ್ಜಾದ್ರಿಯಾ ಕರಾರು ಮಾಡಿಕೊಳ್ಳುವುದನ್ನು ನಿಷೇಧಿಸಿತು. ಮನೆಗಳು ಖಾಲಿಯಾದವು. ಉಳಿದ ಹಾದಿಗಳಲ್ಲಿ ಒಂದೊಂದಕ್ಕೇ ಡಾಂಬರು ಬೀಳುತ್ತ ಬಂತು.

ಡಾಂಬರು ಬಯಸಿದವರನ್ನು ದೂರುವಂತಿಲ್ಲ ಎಂಬುದನ್ನೂ ಹೇಳಬೇಕು. ಬೇಸಿಗೆಯಲ್ಲಿ ಕಿಟಕಿ ತೆರೆಯಲು ಬಿಡದ ಧೂಳು, ಮಳೆಗಾಲದಲ್ಲಿ ಚಕ್ರ ಹೂಳುವ ಕೆಸರು, ರಾತ್ರಿ ವೈದ್ಯರನ್ನು ಕರೆತರಬೇಕಾದಾಗಿನ ಪಾಡು, ಇವೆಲ್ಲ ಅಲ್ಲಿ ವಾಸಿಸುವವರ ಕಷ್ಟಗಳು. ಒಂದು ದಿನ ಬಂದು ಹೋಗುವ ಸವಾರನಿಗೆ ಚಂದವಾಗಿ ಕಂಡದ್ದು ವರ್ಷವಿಡೀ ಅಲ್ಲಿರುವವರಿಗೆ ಹೊರೆಯಾಗಬಹುದು. ತಾನೇ ಆರಿಸಿಕೊಂಡ ಕಷ್ಟಕ್ಕೂ ಹೇರಿದ ಕಷ್ಟಕ್ಕೂ ಅಜಗಜಾಂತರ. ಉಣ್ಣೆಯ ಅಂಗಿ ತೊಟ್ಟ ಸವಾರ ಈ ವ್ಯತ್ಯಾಸವನ್ನು ಮರೆಯಬಾರದು.

ಲೆರೋಯಿಕಾ ಮಾಡಿದ ಕೆಲಸದ ಮಹತ್ವ ಇಲ್ಲೇ ಇರುವುದು. ಹಳೆಯ ರಸ್ತೆ ಹಾಗೆಯೇ ಇರಲಿ ಎಂದು ಬರಿದೇ ಬೋಧಿಸಿದ್ದರೆ ಊರಿನವರು ಕಿವಿಗೊಡುತ್ತಿದ್ದರೇ? ರಸ್ತೆಗೆ ಅದು ಹೊಸ ಉಪಯೋಗವೊಂದನ್ನು ಹುಡುಕಿಕೊಟ್ಟಿತು. ಸವಾರರು ಬಂದರು, ಖಾಲಿ ಮನೆಗಳಿಗೆ ಅತಿಥಿಗಳು ಸಿಕ್ಕರು, ಊರಿನ ಎಣ್ಣೆಗೂ ರೊಟ್ಟಿಗೂ ಗಿರಾಕಿಗಳು ಬಂದರು. 209 ಕಿಲೋಮೀಟರ್‌ನ ಮಾರ್ಗಕ್ಕೆ ಶಾಶ್ವತ ಕೈಮರಗಳು ಬಂದವು. ಈಗ ಯಾರು ಬೇಕಾದರೂ ಯಾವ ತಿಂಗಳಲ್ಲಾದರೂ ಆ ದಾರಿ ಹಿಡಿಯಬಹುದು. 2007ರಲ್ಲಿ ಇದೇ ಹಾದಿಗಳ ಮೇಲೆ ವೃತ್ತಿಪರರ ಪಂದ್ಯವೂ ಆರಂಭವಾಯಿತು. ಬಿಳಿ ರಸ್ತೆಗಳು ಎಂಬ ಅರ್ಥದ 'ಸ್ತ್ರಾದೆ ಬಿಯಾಂಕೆ' ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಗಿದೆ. 2015ರಿಂದ ಮಹಿಳೆಯರ ಪಂದ್ಯವೂ ಉಂಟು. ಒಂದು ಕಾಲದಲ್ಲಿ ಹಿಂದುಳಿದ ಊರಿನ ಗುರುತಾಗಿದ್ದ ಜಲ್ಲಿ ರಸ್ತೆ ಇಂದು ಆ ಊರಿನ ಹೆಮ್ಮೆ.

ಕೊನೆಯ ಮುದ್ರೆ

ಅಶ್ಶಾನೊ ದಾಟಿದ ಮೇಲೆ ಮೊಂತೆ ಸಾಂತೆ ಮಾರಿಯೆ ಎಂಬ ಭಾಗ. ಹನ್ನೊಂದು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಈ ಜಲ್ಲಿ ಹಾದಿ ಕಡಿದಾಗಿ ಇಳಿದು, ಮತ್ತೆ ಅಷ್ಟೇ ಕಡಿದಾಗಿ ಏರುತ್ತದೆ. ಸ್ತ್ರಾದೆ ಬಿಯಾಂಕೆ ಪಂದ್ಯವನ್ನು 2008, 2012 ಮತ್ತು 2016ರಲ್ಲಿ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯಾನ್ ಕಾಂಚೆಲ್ಲಾರಾ ಅವರ ಹೆಸರನ್ನು ಈ ಹಾದಿಗೆ ಇಟ್ಟಿದ್ದಾರೆ. ಅಂಥ ವೀರನೂ ಬೆವರಿದ ಏರಿನಲ್ಲಿ, ಅರವತ್ತು ದಾಟಿದ ನಿವೃತ್ತರೂ, ರಜೆ ಹಾಕಿ ಬಂದ ಗುಮಾಸ್ತರೂ ಹಳೆಯ ಸೈಕಲ್ ತಳ್ಳುತ್ತ ನಡೆಯುತ್ತಾರೆ. ಹಿಂದಿನಿಂದ ಬಂದವನು ಮುಂದಿನವನ ಪಂಕ್ಚರ್ ಹಾಕಲು ಕೈಜೋಡಿಸುತ್ತಾನೆ. ಮೊದಲ ಸ್ಥಾನವೇ ಇಲ್ಲದ ಕಡೆ ಹೀಗೆ ನಿಲ್ಲುವುದರಿಂದ ಯಾರಿಗೂ ನಷ್ಟವಿಲ್ಲ.

ಶಾಲೆ ಕಾಲೇಜುಗಳಲ್ಲಿ ರ‍್ಯಾಂಕು, ಅಂಕ, ಕಟ್-ಆಫ್ ಎಂಬ ಮಾತುಗಳನ್ನೇ ಕೇಳಿ ಬೆಳೆಯುವ ಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ಆ ಮಾತುಗಳನ್ನು ಆಡುವ ತಂದೆತಾಯಿಯರಿಗೂ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಯಾರನ್ನೂ ಹಿಂದೆ ಹಾಕುವಂತಿಲ್ಲದಿದ್ದರೆ ಹದಿನಾಲ್ಕು ಗಂಟೆ ಬೆವರು ಸುರಿಸುವುದು ಯಾತಕ್ಕೆ? ಉತ್ತರ ಆ ಚೀಟಿಪುಸ್ತಕದಲ್ಲಿದೆ. ಅದರಲ್ಲಿ ಬೇರೆಯವರ ಹೆಸರಿಲ್ಲ, ಗಂಟೆ ನಿಮಿಷಗಳ ತುಲನೆಯಿಲ್ಲ. ಹೊರಟ ಊರಿನಿಂದ ಸೇರಬೇಕಾದ ಊರಿನವರೆಗೆ ಒಂದೂ ಬಿಡದೆ ಬಿದ್ದ ಮುದ್ರೆಗಳಿವೆ, ಅಷ್ಟೆ. ದೊಡ್ಡ ದೂರವನ್ನು ಒಂದೇ ಉಸಿರಿಗೆ ನುಂಗಲಾಗದು. ಅದನ್ನು ಒಂದೊಂದು ಠಾಣೆಯಾಗಿ ಒಡೆದುಕೊಂಡು, ಹಸಿವಿಗೆ ಮೊದಲೇ ತಿಂದು, ಆಗದ ಏರಿನಲ್ಲಿ ಇಳಿದು ತಳ್ಳಿ, ಮತ್ತೆ ಹತ್ತಿ ಮುಂದುವರಿಯಬೇಕು. ವರ್ಷದ ಪಾಠವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಲು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಸ್ತೆಲ್‌ನುವೊವೊ ಬೆರಾರ್ದೆಂಗಾ ದಾಟಿ, ರಾದ್ದಾ ಊರಿನ ದಿಬ್ಬ ಏರಿ ಇಳಿದರೆ ಗಯೋಲೆ. ಏಳು ಗಂಟೆಯ ಹೊತ್ತಿಗೆ ಮತ್ತೆ ಕತ್ತಲು ಕವಿಯುತ್ತದೆ. ಬೆಳಿಗ್ಗೆ ಆರಿಸಿದ ದೀಪವನ್ನು ಮತ್ತೆ ಹೊತ್ತಿಸಿಕೊಂಡು ಸವಾರರು ಒಬ್ಬೊಬ್ಬರಾಗಿ ಊರಿನ ಬೀದಿಗೆ ಬರುತ್ತಾರೆ. ಮುಖ, ಮೀಸೆ, ಅಂಗಿ ಎಲ್ಲವೂ ಬಿಳಿಯ ಧೂಳಿನಿಂದ ಒಂದೇ ಬಣ್ಣವಾಗಿರುತ್ತವೆ. ಕೊನೆಯ ಮುದ್ರೆ ಬೀಳುತ್ತದೆ. ಮರುದಿನ ಆ ಹಾದಿಯ ಮೇಲೆ ಎಂದಿನಂತೆ ಟ್ರ್ಯಾಕ್ಟರುಗಳು ಓಡಾಡುತ್ತವೆ.